ಮಂದನೆಂಬ ಮಾತೂ ಶಿಶುಕಾವ್ಯದ ಗುಣವಿಚಾರವೂ

ಶಿಶುಗಳಿಗಾಗಿ ರಚಿತವಾದ ಪದ್ಯಗಳನ್ನು ನಮ್ಮ ವಿಮರ್ಶಕರು ಕಾವ್ಯವಿಚಾರದ ಪಂಕ್ತಿಯಲ್ಲಿ ಕುಳ್ಳಿರಿಸುವುದು ಅಪೂರ್ವ. ಕುಳ್ಳಿರಿಸಿದರೂ ಕಟ್ಟಕಡೆಯ ಮಣೆಯನ್ನು ಕೊಟ್ಟು, ಸರಳವಾದುದು, ಸುಲಭವಾದುದು, ಮುದ್ದಾದುದು ಎಂಬ ಮೂರು ಮಾತುಗಳಿಂದ ಸತ್ಕರಿಸಿ ಕಳುಹಿಸಿಬಿಡುವರು. ಈ ಮೂರು ಮಾತುಗಳಲ್ಲಿ ಒಂದಾದರೂ ಪರೀಕ್ಷೆಗೆ ನಿಲ್ಲತಕ್ಕುದಲ್ಲ. ಸರಳವೆಂದರೆ ಯಾರಿಗೆ ಸರಳ? ಓದಬಲ್ಲ ಮಗುವಿಗೋ, ಅಕ್ಷರವನ್ನು ಕಂಡೊಡನೆ ಕಣ್ಣು ತಗ್ಗಿಸುವ ಮಗುವಿಗೋ? ಎರಡನೆಯ ಮಗುವನ್ನು ಸಹೃದಯನೆಂದು ಎಣಿಸಿ ಶಿಶುಕಾವ್ಯವನ್ನು ಪರೀಕ್ಷಿಸಿದರೆ ಗುಣದೋಷಗಳ ನಿರ್ಣಯವು ಹೇಗಾದೀತೆಂಬುದೇ ಈ ಲೇಖನದ ವಿಷಯ.

ಈ ವಿಚಾರಕ್ಕೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನು ಆಯ್ದುಕೊಂಡುದಕ್ಕೆ ಕಾರಣವುಂಟು. ಸಾಮಾನ್ಯ ಪಾಠಕ್ರಮದ ಹೊರಗೆ ನಿಂತ ಮಕ್ಕಳನ್ನು ಕುರಿತು ಯೋಚಿಸಿದ ಚಿಕ್ಕ ವಿದ್ಯಾಸಂಸ್ಥೆಗಳು ಈ ಸೀಮೆಯಲ್ಲಿ ನೆಲೆಗೊಂಡಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯು ಸೋಲಿಗರ ಮಕ್ಕಳಿಗಾಗಿ ಹುಟ್ಟಿದುದು. ಚಾಮರಾಜನಗರದಲ್ಲಿ ಕವಿ ಜಿ. ಎಸ್. ಶಿವರುದ್ರಪ್ಪನವರ ಪುತ್ರರಾದ ಪ್ರೊ. ಜಿ. ಎಸ್. ಜಯದೇವರು ಕಟ್ಟಿದ ದೀನಬಂಧುವು ಆಶ್ರಯವಿಲ್ಲದ ಮಕ್ಕಳಿಗಾಗಿ ಹುಟ್ಟಿದುದು. ಅಕ್ಷರದಲ್ಲಿ ತೊಡಕುವ ಮಕ್ಕಳಿಗೆಂದೇ ಇವು ಏರ್ಪಟ್ಟವಲ್ಲ. ಆದರೂ ಮಗುವಿನ ನಡಿಗೆಗೆ ಪಾಠವನ್ನು ಹೊಂದಿಸಬೇಕೇ, ಪಾಠದ ನಡಿಗೆಗೆ ಮಗುವನ್ನು ಎಳೆಯಬೇಕೇ ಎಂಬ ಪ್ರಶ್ನೆಯು ಇಂತಹ ಎಡೆಗಳಲ್ಲಿ ತಪ್ಪದೆ ಏಳುವುದು. ಇಪ್ಪತ್ತು ಮಕ್ಕಳಿರುವ ಕೊಠಡಿಯಲ್ಲಿ ಒಂದು ಮಗುವು ಓದಲಾರದೆ ಇರುವುದನ್ನು ಮರೆಮಾಚಲಾಗದು; ಅರುವತ್ತು ಮಕ್ಕಳ ನಡುವೆ ಅದು ವರ್ಷಗಟ್ಟಲೆ ತುಟಿಯಾಡಿಸುತ್ತ ಕುಳಿತಿರಬಹುದು.

ಮೊದಲು ಮಾತಿನ ವಿಚಾರ. 1995ರ ಅಂಗವಿಕಲರ ಶಾಸನದಲ್ಲಿ ಏಳು ಬಗೆಯ ವೈಕಲ್ಯಗಳು ಮಾತ್ರ ಪರಿಗಣಿತವಾಗಿದ್ದುವು. 2016ರ ಶಾಸನದಲ್ಲಿ ಅವು 21 ಆದುವು, ಓದು ಬರಹ ಲೆಕ್ಕಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ತೊಡಕೂ ಅವುಗಳಲ್ಲಿ ಸೇರಿತು. ಕನ್ನಡದಲ್ಲಿ ಅದನ್ನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂದು ಬರೆಯುವರು. ಹಕ್ಕನ್ನು ಕೊಡತಕ್ಕ ಶಾಸನಕ್ಕೆ ನ್ಯೂನತೆಯೆಂಬ ಮಾತು ಬೇಕಾಗಬಹುದು. ಇಲ್ಲದಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತನ್ನು ಯಾವ ಆಧಾರದಿಂದ ಕೇಳುವುದು? ಆದರೆ ಶಾಲೆಯ ಜಗಲಿಯಲ್ಲಿ ಈ ದೀರ್ಘಸಮಾಸವು ನಡೆಯುವುದಿಲ್ಲ. ಅಲ್ಲಿ ನಡೆಯುವುದು ದಡ್ಡ, ಪೆದ್ದ, ಮೊದ್ದು ಎಂಬ ನಾಣ್ಯಗಳೇ. ಹಳಗನ್ನಡದಲ್ಲಿ ಗಾಂಪ, ಗಾವಿಲ ಎಂಬ ಮಾತುಗಳಿದ್ದುವು. ಗಾವಿಲನೆಂಬುದು ಹಳ್ಳಿಗನಿಗೂ ಸಲ್ಲುವುದು, ಅವಿವೇಕಿಗೂ ಸಲ್ಲುವುದು. ಹಳ್ಳಿಯ ಮಗುವಿನ ವಿಷಯದಲ್ಲಿ ಪಟ್ಟಣದ ಉಪಾಧ್ಯಾಯನ ತೀರ್ಪು ಈ ಒಂದು ಶಬ್ದದಲ್ಲಿಯೇ ಅಡಗಿದೆಯೆನ್ನಬಹುದು. ಸಂಸ್ಕೃತದ ಮಂದಶಬ್ದದ ಗತಿಯಂತೂ ವಿಚಿತ್ರವಾದುದು. ಮಂದಾನಿಲವು ಸುಖಕರ, ಮಂದಹಾಸವು ಮನೋಹರ, ಮಂದಗಮನವು ನಾಯಿಕೆಯ ಸೌಂದರ್ಯಲಕ್ಷಣ. ಶನಿಗ್ರಹಕ್ಕೆ ಮಂದನೆಂದು ಹೆಸರಿರುವುದು ಅವನು ಮೆಲ್ಲನೆ ಚರಿಸುವನೆಂಬ ಕಾರಣದಿಂದಲೇ. ಮತಿಯೊಡನೆ ಕೂಡಿದಾಗ ಮಾತ್ರ ನಿಧಾನವು ದೋಷವಾಗಿಬಿಟ್ಟಿತು. ಜಡಭರತನು ಪಲ್ಲಕ್ಕಿಯನ್ನು ಹೊತ್ತು ತಪ್ಪು ಹೆಜ್ಜೆಯಿಟ್ಟಾಗ ರಹೂಗಣರಾಜನು ಅವನನ್ನು ಹಳಿದುದೂ ಬಳಿಕ ಅವನ ಪಾದಕ್ಕೆರಗಿದುದೂ ಭಾಗವತದಲ್ಲಿ ಪ್ರಸಿದ್ಧವಾಗಿದೆ. ಆದರೆ ಈ ಕಥೆಯಿಂದ ನಮ್ಮ ವಿಷಯಕ್ಕೆ ಆಗುವ ಸಹಾಯ ಅಲ್ಪ. ತೊಡಕುವ ಮಕ್ಕಳೆಲ್ಲರೂ ಗುಪ್ತಜ್ಞಾನಿಗಳೆಂದು ಭ್ರಮಿಸುವುದು ಅವರನ್ನು ಹಳಿಯುವುದರ ಮತ್ತೊಂದು ರೂಪವೇ ಸರಿ. ಅವರಿಗೆ ಬೇಕಾದುದು ಓದು. ಅರಿಕುಠಾರವೆಂಬ ಊರಿಗೆ 1818ರಲ್ಲಿ ಚಾಮರಾಜನಗರವೆಂಬ ಹೆಸರನ್ನಿಡಲು ಮುಮ್ಮಡಿ ಕೃಷ್ಣರಾಜ ಒಡೆಯರ ಒಂದು ಅಪ್ಪಣೆ ಸಾಕಾಯಿತು. ಎಂಟನೆಯ ವಯಸ್ಸಿನಲ್ಲಿ ಮಗುವಿಗೆ ಅಂಟಿದ ಹೆಸರು ಅಪ್ಪಣೆಯಿಂದ ಹೋಗದು.

ಇನ್ನು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಇಂತಹವರ ಶಿಕ್ಷಣವನ್ನು ಕುರಿತು ಏನಿದೆಯೆಂದು ನೋಡಬಹುದು. ಪಂಚತಂತ್ರದ ಪೀಠಿಕೆಯು ಎಲ್ಲರಿಗೂ ತಿಳಿದುದು. ಅಮರಶಕ್ತಿಯ ಮೂವರು ಮಕ್ಕಳು ಶಾಸ್ತ್ರವಿಮುಖರು; ವ್ಯಾಕರಣಕ್ಕೇ ಹನ್ನೆರಡು ವರ್ಷ ಹಿಡಿಯುವುದೆಂದು ಮಂತ್ರಿಗಳು ಕೈಚೆಲ್ಲುವರು; ಎಂಬತ್ತು ವರ್ಷದ ವಿಷ್ಣುಶರ್ಮನು ಅಗ್ರಹಾರದ ಆಸೆಯನ್ನು ನಿರಾಕರಿಸಿ ಆರು ತಿಂಗಳ ಗಡುವನ್ನು ತಾನೇ ಹಾಕಿಕೊಂಡು ಅವರನ್ನು ಮನೆಗೆ ಕರೆದೊಯ್ಯುವನು. ಒಬ್ಬ ಗುರು, ಮೂವರು ಶಿಷ್ಯರು, ಸೂತ್ರಕ್ಕೆ ಬದಲಾಗಿ ಕಥೆ. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಭಿನ್ನವಾದ ಶಾಲೆಯನ್ನು ಕಲ್ಪಿಸುವುದು ಕಷ್ಟ. ಆದುದರಿಂದಲೇ ಶಿಕ್ಷಣದ ಸಭೆಗಳಲ್ಲಿ ಈ ಪೀಠಿಕೆಯನ್ನು ಮತ್ತೆ ಮತ್ತೆ ಸ್ಮರಿಸುವುದುಂಟು. ಗ್ರಂಥವನ್ನು ವಿಮರ್ಶಕನ ಕಣ್ಣಿನಿಂದ ಓದಿದವನಿಗಾದರೋ ಒಂದು ಕೊರತೆಯು ಕಾಣುವುದು. ಆ ಮಕ್ಕಳ ತೊಡಕು ಎಲ್ಲಿತ್ತು? ಅಕ್ಷರದಲ್ಲೋ, ಧಾರಣೆಯಲ್ಲೋ, ಮನಸ್ಸಿಲ್ಲದಿರುವುದರಲ್ಲೋ? ಯಾವ ಕಥೆಯಿಂದ ಯಾವ ಗಂಟು ಬಿಚ್ಚಿತು? ಗ್ರಂಥವು ಹೇಳುವುದಿಲ್ಲ. ಪೀಠಿಕೆಯು ಮುಗಿದೊಡನೆ ಸಿಂಹವೂ ಎತ್ತೂ ನರಿಗಳೂ ರಂಗವನ್ನು ತುಂಬಿಕೊಂಡು ರಾಜಪುತ್ರರನ್ನು ಮೂಲೆಗೆ ಒತ್ತಿಬಿಡುವುವು. ಕ್ರಿ. ಶ. ಹನ್ನೊಂದನೆಯ ಶತಮಾನದಲ್ಲಿ ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಇದನ್ನು ಕನ್ನಡಕ್ಕೆ ತಂದ ದುರ್ಗಸಿಂಹನಲ್ಲಿ ಈ ವೈಷಮ್ಯವು ಇನ್ನೂ ಹೆಚ್ಚಾಯಿತು. ಅವನದು ಪ್ರೌಢವಾದ ಚಂಪೂಗ್ರಂಥ. ಓದಲೊಲ್ಲದ ಬಾಲಕರಿಗೆಂದು ಹುಟ್ಟಿದ ಕಥೆಯನ್ನು ಇಂದು ಪಂಡಿತರು ಮಾತ್ರ ಓದುತ್ತಿರುವರು.

ನಮ್ಮಭಿಪ್ರಾಯದಲ್ಲಿ ಇದಕ್ಕಿಂತ ಮಾರ್ಮಿಕವಾದುದು ಕಥಾಸರಿತ್ಸಾಗರದ ಸಾತವಾಹನನ ವೃತ್ತಾಂತ. ಜಲಕ್ರೀಡೆಯ ಕಾಲದಲ್ಲಿ ರಾಣಿಯು ನೀರನ್ನೆರಚಬೇಡವೆಂದು ಸಂಸ್ಕೃತದಲ್ಲಿ ಹೇಳಿದಳು, ನಿಷೇಧಾರ್ಥದ ‘ಮಾ’ ಎಂಬುದೂ ನೀರೆಂಬರ್ಥದ ‘ಉದಕ’ವೂ ಸಂಧಿಯಾದಾಗ ಕಿವಿಗೆ ‘ಮೋದಕ’ವೆಂದು ಬಿದ್ದಿತು, ಅರಸನು ಮೋದಕಗಳನ್ನು ತರಿಸಿದನು. ರಾಣಿಯು ನಕ್ಕಳು, ಪರಿವಾರವೂ ನಕ್ಕಿತು. ಅರಸನು ಮಾತನ್ನೇ ಬಿಟ್ಟು ಮಲಗಿದನು. ಇಲ್ಲಿ ತೊಡಕು ಎಲ್ಲಿದೆಯೆಂಬುದನ್ನು ಕಥೆಯು ಬೆರಳಿಟ್ಟು ತೋರಿಸಿದೆ: ಕೂಡಿ ಬಂದ ಧ್ವನಿಯನ್ನು ಒಡೆದು ಕೇಳಲಾರದಿರುವುದು. ಬುದ್ಧಿಯಲ್ಲಿ ಕೊರತೆಯಿಲ್ಲ, ರಾಜ್ಯವನ್ನಾಳುವ ಸಾಮರ್ಥ್ಯವಿದೆ. ಕಿವಿಯು ಒಂದು ಕಡೆ ಎಡವಿತು, ನಗೆಯು ನಾಲಗೆಯನ್ನೇ ಕಟ್ಟಿತು. ಗುಣಾಢ್ಯನು ಆರು ವರ್ಷಗಳಲ್ಲಿ ವ್ಯಾಕರಣವನ್ನು ಕಲಿಸುವೆನೆಂದನು. ಶರ್ವವರ್ಮನು ಆರು ತಿಂಗಳೆಂದು ಪಣತೊಟ್ಟು, ಅದಕ್ಕಾಗಿ ಕಾತಂತ್ರವೆಂಬ ಬೇರೊಂದು ವ್ಯಾಕರಣವನ್ನೇ ಪಡೆದು ತಂದನು. ಶಿಷ್ಯನಿಗಾಗಿ ಶಾಸ್ತ್ರವನ್ನು ಮರಳಿ ಕಟ್ಟಬಹುದೆಂಬ ಧೈರ್ಯವು ಈ ಕಥೆಯಲ್ಲಿರುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನಮಗೆ ಕಂಡಿಲ್ಲ.

ಕನ್ನಡದ ಮಗುವಿನ ಮುಂದಿರುವ ಬೆಟ್ಟವು ಎಷ್ಟು ಎತ್ತರವೆಂದು ಲೆಕ್ಕ ಹಾಕಿದವರು ಕಡಮೆ. 34 ವ್ಯಂಜನಗಳಿಗೆ 13 ಸ್ವರಗಳನ್ನೂ ಅನುಸ್ವಾರ ವಿಸರ್ಗಗಳನ್ನೂ ಕೂಡಿಸಿದರೆ ಕಾಗುಣಿತದ ರೂಪಗಳೇ 510 ಆಗುವುವು; ಒತ್ತಕ್ಷರಗಳು ಬೇರೆ. ಕನ್ನಡದ ಮಕ್ಕಳ ಓದನ್ನು ಪರೀಕ್ಷಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಜ್ಞಾನವು ಮೊದಲೆರಡು ತರಗತಿಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತ ಹೋಗುವುದೆಂದೂ, ಅಕ್ಷರದೊಳಗಿನ ಸ್ವರವ್ಯಂಜನಗಳನ್ನು ಬೇರ್ಪಡಿಸಿ ಕೇಳುವ ಶಕ್ತಿಯು ನಿಧಾನವಾಗಿ ಒದಗುವುದೆಂದೂ ತೋರಿಸಿರುವರು. ಎಂದರೆ ತೊಡಕಿಲ್ಲದ ಮಗುವಿಗೂ ಇದು ದೀರ್ಘಯಾತ್ರೆ. ಹೀಗಿರಲು ಒಂದನೆಯ ತರಗತಿಯ ಕೊನೆಗೆ ಓದು ಬಾರದ ಮಗುವನ್ನು ಕುರಿತು ನಿರ್ಣಯ ಕೊಡುವ ಅವಸರವು ಅನ್ಯಾಯವಾದುದು.

ಲಿಪಿಯಲ್ಲಿಯೂ ಕೆಲವು ಬಲೆಗಳಿವೆ. ದಕಾರದ ಹೊಟ್ಟೆಯನ್ನು ಸೀಳಿದರೆ ಧಕಾರ, ಒಳಗೊಂದು ಚುಕ್ಕಿಯಿಟ್ಟರೆ ಥಕಾರ. ಅರ್ಕಾವೊತ್ತಂತೂ ನುಡಿಗೂ ಬರಹಕ್ಕೂ ಇರುವ ಕ್ರಮವನ್ನೇ ತಲೆಕೆಳಗು ಮಾಡುವುದು: ‘ಸೂರ್ಯ’ ಎಂಬಲ್ಲಿ ರೇಫವನ್ನು ಯಕಾರಕ್ಕಿಂತ ಮೊದಲು ನುಡಿಯುವೆವು, ಅದರ ಗುರುತನ್ನು ಯಕಾರವಾದ ಮೇಲೆ ಬರೆಯುವೆವು. ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದುವ ಮಗುವು ‘ಸೂಯ್ರ’ ಎಂದೀತು. ‘ಕರ್ಣ’ನನ್ನು ‘ಕಣ್ರ’ ಎಂದೀತು. ಅದು ಕಂಡುದನ್ನು ಕಂಡಂತೆ ಓದಿದೆ; ತಪ್ಪು ಲಿಪಿಯದು.

ವರ್ಣಮಾಲೆಯ ಕ್ರಮವು ಉಚ್ಚಾರಣಸ್ಥಾನಗಳನ್ನನುಸರಿಸಿದ ಶಾಸ್ತ್ರೀಯಕ್ರಮ. ಕಂಠದಿಂದ ಓಷ್ಠದವರೆಗೆ ಬರುವ ಆ ನಡೆಯನ್ನು ಕೇಶಿರಾಜನಾದಿಯಾಗಿ ಎಲ್ಲ ವೈಯಾಕರಣರೂ ಗೌರವಿಸಿರುವರು, ನಮಗೂ ಅದರಲ್ಲಿ ಗೌರವವಿದೆ. ಆದರೆ ಅದು ಬಾಯಿಯ ಶಾಸ್ತ್ರ. ಕಣ್ಣಿಗೂ ಕೈಗೂ ಬೇರೆ ಶಾಸ್ತ್ರ ಬೇಕು. 1995ರಲ್ಲಿ ಗುಂಡ್ಲುಪೇಟೆಯ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಅನಂತರ ರಾಜ್ಯದಲ್ಲೆಲ್ಲ ಹರಡಿದ ನಲಿ ಕಲಿ ಪದ್ಧತಿಯಲ್ಲಿ ಅಕಾರಾದಿಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಪಾಠವನ್ನು ಮೊದಲು ಮಾಡುವರು. ಸಂಪ್ರದಾಯಸ್ಥರಾದ ನಮ್ಮ ಮಿತ್ರರಲ್ಲಿ ಕೆಲವರು ಇದನ್ನು ಅಕ್ಷರಹತ್ಯೆಯೆಂದು ಬಗೆದರು. ಆದರೆ ಈ ಐದರಿಂದಲೇ ಸರ, ದರ, ಅರಸ, ಅಗಸ, ಗರಗಸ, ದಸರ ಎಂಬ ಪದಗಳು ಮೊದಲ ವಾರದಲ್ಲಿಯೇ ಮಗುವಿನ ಕೈಗೆ ಬರುವುವು. ಅರ್ಥವುಳ್ಳ ಮಾತನ್ನು ತಾನೇ ಓದಿದೆನೆಂಬ ಸಂತೋಷವು ಐವತ್ತು ಅಕ್ಷರಗಳು ಮುಗಿಯುವವರೆಗೆ ಕಾಯಬೇಕಾದುದಿಲ್ಲ.

ಇದು ನಮ್ಮ ಸಾಹಿತ್ಯಕ್ಕೆ ಅಪರಿಚಿತವೂ ಅಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಸ್ವರನಿಯಮ, ಸ್ಥಾನನಿಯಮ, ವರ್ಣನಿಯಮಗಳೆಂದು ಅಕ್ಷರಗಳ ಸಂಖ್ಯೆಯನ್ನು ಕಟ್ಟುಮಾಡಿ ಪದ್ಯ ರಚಿಸುವ ದುಷ್ಕರಮಾರ್ಗವನ್ನು ವಿವರಿಸಿರುವನು. ದಶಕುಮಾರಚರಿತದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನು ತನ್ನ ಕಥೆಯನ್ನು ಓಷ್ಠ್ಯವರ್ಣವೊಂದೂ ಇಲ್ಲದಂತೆ ಹೇಳುವನು. ಪ್ರಿಯೆಯ ದಂತಕ್ಷತದಿಂದ ಅವನ ತುಟಿಗಳು ನೊಂದಿದ್ದುವು. ಈ ಪ್ರಸಂಗವನ್ನು ಚಮತ್ಕಾರವೆಂದು ಮೆಚ್ಚಿ ಮುಂದಕ್ಕೆ ಹೋಗುವುದು ವಾಡಿಕೆ. ಆದರೆ ಅಲ್ಲಿರುವ ನ್ಯಾಯವನ್ನು ಗಮನಿಸಬೇಕು: ನುಡಿಯುವವನ ಬಾಯಿಗೆ ಯಾವ ಅಕ್ಷರವು ನೋವೋ ಆ ಅಕ್ಷರವನ್ನು ಬಿಟ್ಟು ಕಥೆಯನ್ನು ಕಟ್ಟುವುದು ಕವಿಯ ಕರ್ತವ್ಯ. ವಿಲಾಸಿಯ ತುಟಿಗೆ ದಂಡಿಯು ತೋರಿದ ಈ ದಾಕ್ಷಿಣ್ಯವನ್ನು ಏಳು ವರ್ಷದ ಮಗುವಿನ ಕಣ್ಣಿಗೆ ತೋರದ ಪಠ್ಯಕರ್ತರು, ಸ್ವಚ್ಛತೆ, ರಾಷ್ಟ್ರಭಕ್ತಿ ಎಂಬ ಒತ್ತಿನ ಮೇಲೆ ಒತ್ತು ಹೇರಿದ ಬೋಧಪದ್ಯಗಳನ್ನು ಬರೆದು ಸರಳವೆಂದು ಕರೆದುಕೊಳ್ಳುವರು.

ಈಗ ಒಬ್ಬ ಕವಿಯ ಎರಡು ಹಾಡುಗಳನ್ನು ಈ ಒರೆಗಲ್ಲಿಗೆ ಹಚ್ಚಬಹುದು. ಜಿ. ಪಿ. ರಾಜರತ್ನಂ (1908–1979) ಅವರ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಗುಂಡ್ಲುಪೇಟೆಯೇ ಇದೆ. ಗುಂಡ್ಲು ಪಂಡಿತರ ವಂಶ ಅವರದು. ಎಂ. ಎ. ಪದವೀಧರರಾದ ಅವರು ಮೊದಲು ಪಾಠ ಹೇಳಿದುದು ಶಿಶುವಿಹಾರದಲ್ಲಿ, ‘ತುತ್ತೂರಿ’ಯು ಹುಟ್ಟಿದುದು ಆ ಅವಧಿಯಲ್ಲಿ. ಕಡಲತೀರದಲ್ಲಿ ಪಂಜೆ ಮಂಗೇಶರಾಯರು (1874–1937) ತೆರೆದ ಹಾದಿಯಲ್ಲಿ ಇವರು ನಡೆದರೆಂಬುದು ನಿಜ. ಆದರೆ ಪಂಜೆಯವರ ಕಿವಿ ಪ್ರಕೃತಿಯ ನಾದದ ಕಡೆಗಿದ್ದರೆ ಇವರ ಕಿವಿ ಅಕ್ಷರದ ಕಡೆಗಿದೆ.

ತುತ್ತೂರಿಯ ಕಥೆ ಇಷ್ಟೇ. ಹುಡುಗನೊಬ್ಬನು ಬಣ್ಣದ ತುತ್ತೂರಿಯನ್ನು ಕೊಂಡು, ಸಪ್ತಸ್ವರಗಳನ್ನು ಏರಿಸಿ ಊದಿ ಇಳಿಸಿ ಊದಿ, ಇದು ತನಗೊಬ್ಬನಿಗೇ ಇದೆಯೆಂದು ಬೀಗುವನು. ಸಂಜೆ ಕೊಳದ ಬಳಿ ಅದು ನೀರಿಗೆ ಜಾರುವುದು. ಮತ್ತೆ ಊದಿದರೆ ನಾಲ್ಕು ಸ್ವರಗಳಿದ್ದಲ್ಲಿ ಗಕಾರವೊಂದೇ ನಾಲ್ಕು ಸಲ ಹೊರಡುವುದು. ನಾಲ್ಕು ಮಾತ್ರೆಯ ಗಣಗಳ ನಡೆಯು ಮಗುವಿನ ಕೈತಟ್ಟಿಗೆ ಒಪ್ಪಿದೆ. ಸಾಮಾನ್ಯ ವಾಚಕನಿಗೆ ಇದು ವಿನೋದ. ಅಕ್ಷರವನ್ನು ಬಿಡಿಸಿ ಕೇಳಲಾರದ ಮಗುವಿಗೆ ಇದರಲ್ಲಿ ಮೂರು ವ್ಯಾಯಾಮಗಳಿವೆ. ಆರೋಹಣದಲ್ಲಿ ಬಿಡಿಬಿಡಿಯಾದ ಅಕ್ಷರಗಳ ಅನುಕ್ರಮ. ಅವರೋಹಣದಲ್ಲಿ ಅದೇ ಅಕ್ಷರಗಳ ವಿಲೋಮ. ಕೊನೆಗೆ ಬೇರೆ ಬೇರೆಯಾದುವು ಒಂದೇ ಆಗಿ ಕೆಡುವ ಕೌತುಕ. ಹುಡುಗನ ಹೆಸರು ಕಸ್ತೂರಿಯೆಂದಿರುವುದೂ ಆಕಸ್ಮಿಕವಲ್ಲ. ತುತ್ತೂರಿಗೆ ಅದು ಅಂತ್ಯಪ್ರಾಸವಾಗಿ, ಆದಿಯ ಧ್ವನಿ ಮಾತ್ರ ಬದಲಾದರೆ ಪದವೇ ಬೇರೆಯಾಗುವುದೆಂಬುದನ್ನು ಕಿವಿಗೆ ಮುಟ್ಟಿಸುವುದು. ನಮ್ಮ ಹಳೆಯ ದ್ವಿತೀಯಾಕ್ಷರಪ್ರಾಸಕ್ಕೆ ಈ ಕೆಲಸ ಸಾಧ್ಯವಿರಲಿಲ್ಲ. ಪಾದಾದಿಯ ಆ ಸೂಕ್ಷ್ಮವು ಬಲಿತ ಕಿವಿಗೆ ಮೀಸಲು.

ನಾಯಿಮರಿಯ ಹಾಡು ಸಂವಾದರೂಪವಾದುದು. ತಿಂಡಿ ಬೇಕೇ ಎಂದು ಮಗುವು ಕೇಳುವುದು. ಬೇಕೆಂದು ಮರಿಯು ಹೇಳುವುದು. ಪ್ರಶ್ನೆಯ ಕ್ರಿಯಾಪದವೇ ಕೊನೆಯ ಸ್ವರವೊಂದನ್ನು ಬದಲಿಸಿಕೊಂಡು ಉತ್ತರವಾಗಿದೆ. ತಿಂಡಿಯಿಂದ ಬಲ, ಬಲದಿಂದ ಮನೆಯ ಕಾವಲು, ಕಾವಲಿನಿಂದ ಮತ್ತೆ ತಿಂಡಿ. ಪೂರ್ವಪೂರ್ವವು ಉತ್ತರೋತ್ತರಕ್ಕೆ ಕಾರಣವಾಗುವ ಈ ಸರಣಿಯನ್ನು ಆಲಂಕಾರಿಕರು ಕಾರಣಮಾಲೆಯೆನ್ನುವರು. ಹಿಂದಿನ ಪದವನ್ನು ಮುಂದಿನ ಸಾಲು ಕಚ್ಚಿಕೊಳ್ಳುವ ಬಗೆಯು ಮುಕ್ತಪದಗ್ರಸ್ತಕ್ಕೆ ಹತ್ತಿರ. ವೇದಪಾಠಶಾಲೆಯಲ್ಲಿ ಓದಿದವರಿಗೆ ಕ್ರಮಪಾಠದ ನೆನಪೂ ಆದೀತು: ಮೊದಲ ಜೋಡಿಯ ಎರಡನೆಯ ಪದವೇ ಎರಡನೆಯ ಜೋಡಿಯ ಮೊದಲನೆಯದಾಗಿ ಸರಪಣಿಯು ಸಾಗುವುದು. ಧಾರಣೆಯಲ್ಲಿ ದುರ್ಬಲನಾದವನಿಗೂ ಮುಂದಿನ ಹೆಜ್ಜೆಯ ಅರ್ಧವು ಹಿಂದಿನ ಹೆಜ್ಜೆಯಲ್ಲಿಯೇ ದೊರೆಯುವುದರಿಂದ ಎಡವುವ ಭಯವು ಕಡಮೆ. ಆದುದರಿಂದ ಅಲಂಕಾರವೆಂಬುದು ಇಲ್ಲಿ ಆಭರಣವಾಗಿಲ್ಲ, ಊರುಗೋಲಾಗಿದೆ. ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ವಿಭಾಗಿಸಿದ ಮಮ್ಮಟನಿಗೆ ನಾಯಿಮರಿಸಮ್ಮಿತವು ತೋಚದೆ ಹೋದುದು ವಿಷಾದಕರ.

ದೋಷವನ್ನೂ ಹೇಳಬೇಕು. ತುತ್ತೂರಿಯ ಕೊನೆಯಲ್ಲಿ ಕವಿಯು ಬೀಗಿದ ಹುಡುಗನನ್ನು ಹಾಸ್ಯಮಾಡಿ ಮುಗಿಸುವನು. ನಾವು ಕಂಡಂತೆ, ಗುಂಡ್ಲುಪೇಟೆಯ ಹಾದಿಯ ಚಿಕ್ಕ ಶಾಲೆಯೊಂದರಲ್ಲಿ ಮಕ್ಕಳು ಈ ಹಾಡನ್ನು ಕುಣಿದು ಹಾಡಿದ ಬಳಿಕ, ಓದಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಹುಡುಗಿಯೊಬ್ಬಳು ‘ತುತ್ತೂರಿನ ಒಣಗಾಕಿದ್ರ ಸರಿ ಆಯ್ತಿರ್ನಿಲ್ವಾ?’ ಎಂದು ಕೇಳಿದಳು. ನೀತಿಯು ಅವಳಿಗೆ ಬೇಕಾಗಿರಲಿಲ್ಲ. ಕೆಟ್ಟ ಕಂಠವು ಸರಿಹೋಗುವ ಉಪಾಯ ಬೇಕಾಗಿತ್ತು. ಕವಿಯು ಆ ಪ್ರಶ್ನೆಗೆ ಎಡೆಗೊಡಲಿಲ್ಲ. ನಗೆಗೆ ಒಳಗಾಗಿ ಅಭ್ಯಾಸವಾದ ಮಗುವು ಕಾವ್ಯದಲ್ಲಿಯೂ ನಗೆಗೀಡಾದವನ ಪಕ್ಷವನ್ನೇ ಹಿಡಿಯುವುದು ಸಹಜ.

ಇಲ್ಲ��� ಒಂದು ಪೂರ್ವಪಕ್ಷವನ್ನು ನಿವಾರಿಸಬೇಕಾಗಿದೆ. ಈ ಸೀಮೆಯ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನೂ ಕಂಸಾಳೆಯವರು ಮಲೆಯ ಮಾದೇಶ್ವರನ ಕಾವ್ಯವನ್ನೂ ಅಕ್ಷರದ ಹಂಗಿಲ್ಲದೆ ರಾತ್ರಿಗಟ್ಟಲೆ ಹಾಡಬಲ್ಲರು. ಅಕ್ಷರವಿಲ್ಲದೆಯೂ ಮಹಾಕಾವ್ಯ ಸಾಧ್ಯವಿರುವಾಗ ಈ ಮಕ್ಕಳನ್ನು ಅಕ್ಷರಕ್ಕೆ ಕಟ್ಟುವುದೇಕೆ ಎಂದು ವಾದಿಸುವವರುಂಟು. ವಾದವು ಕೇಳಲು ಇಂಪಾಗಿದೆ, ಸ್ವೀಕಾರಯೋಗ್ಯವಲ್ಲ. ನೀಲಗಾರನ ಮಗನಿಗೂ ಇಂದು ಪಹಣಿಯನ್ನು ಓದಬೇಕು, ಔಷಧದ ಸೀಸೆಯ ಮೇಲಿನ ಚೀಟಿಯನ್ನು ಓದಬೇಕು. ಓದಿಕೊಂಡವರು ಓದು ಬಾರದವನಿಗೆ ಓದು ಬೇಡವೆಂದು ಹೇಳುವುದು ಉಂಡವನು ಉಪವಾಸವನ್ನು ಹೊಗಳಿದಂತೆ. ಆ ಪರಂಪರೆಯಿಂದ ಕಲಿಯತಕ್ಕುದು ಬೇರೆ: ಹಿಮ್ಮೇಳದವರು ಸೊಲ್ಲನ್ನು ಹಿಡಿದು ಮರಳಿ ನುಡಿಯುವ ಕ್ರಮ, ತಾಳದ ಆಧಾರ, ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ನೇರವಾಗಿ ಬರುವ ಪಾಠ. ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕದೇವರಾಜರ ಕಾಲದಲ್ಲಿ (1673–1704) ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು; ಹಾಡುವ ಕಂಠಕ್ಕೆ ಒಲಿದ ಛಂದಸ್ಸದು. ಸಂಚಿಯನ್ನು ಹೊರುವ ಊಳಿಗದವಳ ಕೈಗೂ ಕಾವ್ಯವು ಎಟುಕಿತು. ಗುರುಕುಲವನ್ನು ಮಾತ್ರ ಇಲ್ಲಿ ಅತಿಯಾಗಿ ಹೊಗಳಲಾಗದು. ಯಾರಿಗೆ ಪ್ರವೇಶವಿತ್ತೆಂಬುದು ಒಂದು ಕಡೆಯಿರಲಿ, ಪ್ರವೇಶ ಪಡೆದವರಲ್ಲಿಯೂ ಒಂದೇ ಪನ್ನವನ್ನು ಹತ್ತು ಸಲ ಕೇಳಿದ ಬಾಲಕನನ್ನು ಊರಿಗೆ ಹಿಂದಿರುಗಿಸಿದ ಪಾಠಶಾಲೆಯನ್ನು ನಾವು ಬಲ್ಲೆವು.

ಕಲಿಕೆಯ ಭೇದಕ್ಕೂ ನುಡಿಯ ಭೇದಕ್ಕೂ ಇರುವ ಅಂತರವನ್ನು ಅರಿಯದೆ ಇಲ್ಲಿ ಆಗುವ ಅನರ್ಥವು ದೊಡ್ಡದು. ಚಾಮರಾಜನಗರದ ಹಳ್ಳಿಗಳ ಆಡುನುಡಿಯಲ್ಲಿ ಹಕಾರವು ಜಾರುವುದು, ಮಹಾಪ್ರಾಣವು ಅಲ್ಪಪ್ರಾಣವಾಗುವುದು, ಶಕಾರ ಷಕಾರಗಳು ಸಕಾರದಲ್ಲಿ ಲೀನವಾಗುವುವು. ಹೂವನ್ನು ‘ಊವು’ ಎಂದೂ ಹಳ್ಳಿಯನ್ನು ‘ಅಳ್ಳಿ’ ಎಂದೂ ಬರೆದ ಮಗುವು ತಾನು ಕೇಳಿದುದನ್ನು ತಪ್ಪಿಲ್ಲದೆ ಬರೆದಿದೆ. ಅದರ ಕಿವಿ ಚುರುಕಾಗಿದೆ. ಅದೇ ಮಗುವು ‘ಸರ’ವನ್ನು ‘ರಸ’ವೆಂದು ತಿಂಗಳುಗಟ್ಟಲೆ ಓದುತ್ತಿದ್ದರೆ ಅದು ಬೇರೆ ವಿಚಾರ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪರೀಕ್ಷಕರಲ್ಲಿಗೆ ಕರೆದೊಯ್ಯಬೇಕಾದುದು. ಎರಡು ಊರುಗಳಿಂದಲೂ ಸುಮಾರು 60 ಕಿಲೋಮೀಟರ್ ದೂರ. ಕೂಲಿ ಬಿಟ್ಟು ಹೋಗಬೇಕಾದ ತಾಯಿಗೆ ಅದು ಅಲ್ಪದೂರವಲ್ಲ. ಸೋಲಿಗರ ಮಗುವಿಗೆ ಇನ್ನೊಂದು ಪದರವುಂಟು. ಮನೆಯ ನುಡಿಯು ಸೋಲಿಗನುಡಿ, ಪುಸ್ತಕದ ಕನ್ನಡವು ಎರಡನೆಯದು. ಈ ಮೂರನ್ನೂ ಒಂದೇ ಕೆಂಪು ಶಾಯಿಯಿಂದ ಗೀಟುಹಾಕುವ ಉಪಾಧ್ಯಾಯನಿಗೆ ಮೂರು ಮಕ್ಕಳೂ ಒಂದೇ ಬಗೆಯ ದಡ್ಡರು.

ತುತ್ತೂರಿಯ ಕವಿಯೇ ‘ರತ್ನನ ಪದಗಳು’ ಎಂಬ ಗ್ರಂಥದಲ್ಲಿ ಹೆಂಡಕ್ಕೆ ಹಕಾರವನ್ನು ಕೊಡಲಿಲ್ಲ, ‘ಯೆಂಡ’ವೆಂದೇ ಬರೆದನು, ನಂಜನಗೂಡಿನ ಕಡೆಯ ದೇವನೂರ ಮಹಾದೇವರು 1984ರ ‘ಕುಸುಮಬಾಲೆ’ಯಲ್ಲಿ ಆ ಸೀಮೆಯ ಉಚ್ಚಾರಣೆಯನ್ನೇ ಲಿಪಿಗಿಳಿಸಿ 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಎರಡು ಗ್ರಂಥಗಳನ್ನೂ ನಮ್ಮ ಉಪನ್ಯಾಸಕರು ಪದವಿತರಗತಿಗಳಲ್ಲಿ ಬೋಧಿಸುವರು, ಆ ಬರಹವನ್ನು ಜೀವಂತಭಾಷೆಯೆಂದು ಶ್ಲಾಘಿಸುವರು. ಮೂರನೆಯ ತರಗತಿಯ ಕಾಪಿಪುಸ್ತಕದಲ್ಲಿರುವ ‘ಊವು’ ಎಂಬುದನ್ನು ಅವರು ಇನ್ನೂ ಪಾಠಾಂತರವೆಂದು ಓದಿ ನೋಡಿಲ್ಲ.